ದೀಪ ಹತ್ತುವ ಮೊದಲೇ ಎದ್ದ ಕಾಲು

ಸಂಡೂರು ಕಡೆಯ ನಮ್ಮ ಹಳೇ ಗಣಿಯ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ಹೊಸಪೇಟೆಯ ನಮ್ಮ ಮನೆಗೆ ಬಂದಿದ್ದಳು. ನಾನು ಇಪ್ಪತ್ತು ವರ್ಷ ಕೂತ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆ. "ಸರ್, ವಯಸ್ಸಾದ ಆಪರೇಟರ್‌ಗಳನ್ನ ಪರೀಕ್ಷೆ ಮಾಡುವಾಗ ಏನು ನೋಡಬೇಕು?" ಎಂದು ಕೇಳಿದಳು. ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳುವ ಮಾತಲ್ಲ ಅದು. ಕಣ್ಣು ನೋಡು, ಕಿವಿ ನೋಡು, ಎಲ್ಲಕ್ಕಿಂತ ಹೆಚ್ಚು ಕಾಲು ನೋಡು ಎಂದು ಏನೋ ಹೇಳಿ ಕಳಿಸಿದೆ. ಅವಳ ಮುಂದೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಅನ್ನುವುದೆಲ್ಲ ಇದರಲ್ಲಿ ಇಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ಮೊದಲು ಡಂಪರ್ ಆಪರೇಟರ್. ಯಶವಂತನಗರದ ಕ್ವಾರ್ಟರ್ಸಿನಿಂದ ಕಂಪನಿ ಬಸ್ಸು ಹತ್ತಿ ಗುಡ್ಡಕ್ಕೆ ಹೋಗುವುದು, ಎಂಟು ತಾಸು ಅದಿರು ಹೊರುವುದು, ಕೆಂಪು ಧೂಳು ಮೆತ್ತಿಕೊಂಡು ಮನೆಗೆ ಬರುವುದು. ನನಗೆ ಡಂಪರ್ ಕಲಿಸಿದವನು ಪಂಪಾಪತಿ. ನನಗಿಂತ ಹತ್ತು ವರ್ಷ ದೊಡ್ಡವನು, ಏಳನೇ ನಂಬರ್ ಗಾಡಿಯ ಆಪರೇಟರ್. ಪಂಪಣ್ಣ ಅಂತಲೇ ಕರೆಯುತ್ತಿದ್ದೆ. ಕಲಿಸುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ, ಬಗ್ಗಿ ಬೂಟು ನೋಡುತ್ತಿದ್ದ. "ಕೊಟ್ರ, ಸ್ಟೇರಿಂಗ್ ಯಾರ ಬೇಕಾದ್ರೂ ತಿರುಗಿಸ್ತಾರ ಲೇ. ನಿನ್ನ ಪಾದ ಎಲ್ಲೈತಿ ಅಂತ ನೋಡದ ಗೊತ್ತಾಗಬೇಕು ನಿನಗ," ಅನ್ನುತ್ತಿದ್ದ. ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ಅವನು ನಿಲ್ಲಿಸಿದರೆ ಒಳಗೆ ಕೂತವನಿಗೆ ನಿಂತದ್ದೇ ತಿಳಿಯುತ್ತಿರಲಿಲ್ಲ.

ಮೊಣಕಾಲಿಗೆ ಪೆಟ್ಟು ಬಿದ್ದ ಮೇಲೆ ನನ್ನನ್ನು ತರಬೇತಿ ಕೇಂದ್ರಕ್ಕೆ ಹಾಕಿದರು. ಹೊಸಬರಿಗೆ ಕಲಿಸುವುದು, ಹಳಬರನ್ನು ವರ್ಷಕ್ಕೊಮ್ಮೆ ಕರೆಸಿ ಪರೀಕ್ಷೆ ಮಾಡುವುದು ಕೆಲಸ. ನನಗೆ ಏನೂ ಗೊತ್ತಿರಲಿಲ್ಲ. ಕಣ್ಣಿನ ಚೀಟಿ ಸರಿ ಇದೆಯಾ, ಕೈಕಾಲು ಆಡುತ್ತವಾ, ಹಾಗಾದರೆ 'ಸಮರ್ಥ' ಎಂದು ಬರೆದು ಸಹಿ ಹಾಕುತ್ತಿದ್ದೆ. ಎರಡು ವರ್ಷ ಹಾಗೇ ನಡೆಯಿತು.

ಕಣ್ಣು ತೆರೆಸಿದವನು ಹುಸೇನ್ ಸಾಬ್ ಎನ್ನುವ ಹಳೇ ಡೋಜರ್ ಆಪರೇಟರ್. ಒಂದು ದಿನ ಅವನ ಜೊತೆ ಕ್ಯಾಂಟೀನಿಗೆ ನಡೆದು ಹೋಗುತ್ತಿದ್ದೆ. ನಾನು ಏನಾದರೂ ಕೇಳಿದರೆ ಅವನು ನಿಂತುಬಿಡುತ್ತಿದ್ದ. ನಿಂತು ಉತ್ತರ ಹೇಳಿ, ಮತ್ತೆ ನಡೆಯುತ್ತಿದ್ದ. ಇನ್ನೂರು ಹೆಜ್ಜೆ ದಾರಿಯಲ್ಲಿ ಆರು ಸಲ ನಿಂತ. ಮಾತಿನ ಗತ್ತು ಎಂದುಕೊಂಡೆ. ತಿಂಗಳಿಗೊಮ್ಮೆ ಗಣಿಗೆ ಬರುತ್ತಿದ್ದ ಲೇಡಿ ಡಾಕ್ಟರ್ ಹತ್ತಿರ ಇದನ್ನು ನಗುತ್ತಾ ಹೇಳಿದೆ. ಅವರು ನಗಲಿಲ್ಲ.

"ಅವನಿಗೆ ನಡೆಯೋದು ಈಗ ತಾನಾಗೇ ಆಗ್ತಾ ಇಲ್ಲ ಕೊಟ್ರೇಶ್," ಅಂದರು. "ಚಿಕ್ಕ ವಯಸ್ಸಿನಲ್ಲಿ ಕಾಲು ಅದರಷ್ಟಕ್ಕೆ ಅದು ನಡೀತಿತ್ತು, ತಲೆ ಬೇರೆ ಕೆಲಸ ಮಾಡ್ತಿತ್ತು. ಈಗ ನಡೆಯೋದಕ್ಕೂ ತಲೆ ಬೇಕು. ಮಾತಿಗೂ ತಲೆ ಬೇಕು. ಎರಡೂ ಒಟ್ಟಿಗೆ ಆಗಲ್ಲ, ಅದಕ್ಕೆ ಒಂದನ್ನ ನಿಲ್ಲಿಸ್ತಾನೆ."

"ಕಾಲಾಗ ಶಕ್ತಿ ಐತ್ರಿ ಮೇಡಂ ಅವಂಗ. ಮೂಟೆ ಎತ್ತತಾನ."

"ಶಕ್ತಿ ಇರುತ್ತೆ. ಹುಕುಂ ತಡವಾಗಿ ಬರುತ್ತೆ. ಕಣ್ಣು ಕಂಡದ್ದು ಮಿದುಳಿಗೆ ಹೋಗಬೇಕು, ಅದು ಏನು ಅಂತ ತಿಳೀಬೇಕು, ಏನು ಮಾಡಬೇಕು ಅಂತ ಆರಿಸಬೇಕು, ಆಮೇಲೆ ಕಾಲಿಗೆ ಬರಬೇಕು. ಎಲ್ಲ ಕಡೆ ಒಂದಿಷ್ಟು ತಡ ಆಗುತ್ತೆ. ಹೆಚ್ಚು ತಡ ಆಗೋದು ಆರಿಸೋದರಲ್ಲಿ."

ಆ ಮಾತು ಹಿಡಿದು ನಾನು ಒಂದು ಹಲಗೆ ಮಾಡಿಸಿದೆ. ನಮ್ಮ ಎಲೆಕ್ಟ್ರಿಷಿಯನ್ ಅದಕ್ಕೆ ಒಂದು ಕೆಂಪು ದೀಪ, ಒಂದು ಹಸಿರು ದೀಪ ಕೂರಿಸಿ, ಕೆಳಗೆ ಗುಜರಿ ಡಂಪರಿನ ಎರಡು ಪೆಡಲ್ ಹಾಕಿ, ಒಂದು ಗಡಿಯಾರ ಜೋಡಿಸಿ ಕೊಟ್ಟ. ಕೆಂಪು ಹತ್ತಿದರೆ ಬ್ರೇಕ್ ಒತ್ತಬೇಕು. ಹಸಿರು ಹತ್ತಿದರೆ ಎಕ್ಸಲರೇಟರ್. ಬರೀ ಕೆಂಪು ದೀಪ ಹಾಕಿದರೆ ಐವತ್ತೈದರವನಿಗೂ ಇಪ್ಪತ್ತೈದರವನಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡೂ ದೀಪ ಬೆರೆಸಿ ಹಾಕಿದಾಗ ಹಳಬರು ಹಿಂದೆ ಬಿದ್ದರು. ಅದರ ಮೇಲೆ ನಾನು "ಏನು ತಿಂಡಿ ತಿಂದ್ರಿ ಇವತ್ತು?" ಎಂದು ಮಾತಾಡಿಸಿದರೆ ಕೆಲವರ ಕಾಲು ಗಾಳಿಯಲ್ಲೇ ನಿಲ್ಲುತ್ತಿತ್ತು, ಯಾವ ಪೆಡಲ್ ಮೇಲೆ ಇಳಿಯಬೇಕೆಂದು ತಿಳಿಯದೆ. ಕೆಲವರದು ತಪ್ಪು ಪೆಡಲ್ ಕಡೆ ಹೊರಟುಬಿಡುತ್ತಿತ್ತು. ಹೊರಟದ್ದು ಗೊತ್ತಾದರೂ ವಾಪಸ್ ಎಳೆದುಕೊಳ್ಳಲು ಆಗುತ್ತಿರಲಿಲ್ಲ.

ಇನ್ನೊಂದು ವಿಚಾರ ನನಗೆ ಬಹಳ ತಡವಾಗಿ ತಿಳಿಯಿತು. ಹೀಗೆ ನಿಧಾನವಾದವರು ಗಣಿಯಲ್ಲಿ ತಪ್ಪು ಮಾಡುತ್ತಿರಲಿಲ್ಲ. ತಿರುವು ಬರುವ ಮುಂಚೆಯೇ ವೇಗ ಇಳಿಸುತ್ತಿದ್ದರು, ದೂರದಿಂದಲೇ ಬ್ರೇಕಿಗೆ ಕಾಲು ತರುತ್ತಿದ್ದರು. ದಾರಿಯ ಒಂದೊಂದು ಗುಂಡಿ ಅವರಿಗೆ ಗೊತ್ತು. ಅನುಭವದಿಂದ ಆ ತಡವನ್ನು ಮುಚ್ಚಿಕೊಂಡಿರುತ್ತಿದ್ದರು. ದಾರಿ ಬದಲಾಗುವವರೆಗೆ ಅದು ಹೊರಗೆ ಕಾಣುತ್ತಿರಲಿಲ್ಲ.

ಪಂಪಣ್ಣ ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ ವಾರ್ಷಿಕ ಪರೀಕ್ಷೆಗೆ ಬಂದ. ಆ ಬೆಳಿಗ್ಗೆಯೇ ಮ್ಯಾನೇಜರ್ ಫೋನ್ ಮಾಡಿದ್ದರು. "ಕೊಟ್ರೇಶ್, ಆಪರೇಟರ್‌ಗಳು ಕಡಿಮೆ ಇದ್ದಾರೆ. ಸಣ್ಣಪುಟ್ಟದ್ದಕ್ಕೆಲ್ಲ ಯಾರನ್ನೂ ಕೂರಿಸಬೇಡ," ಎಂದಿದ್ದರು. ಅದನ್ನು ನೆಪವಾಗಿ ಹೇಳುತ್ತಿಲ್ಲ. ಆ ಫೋನ್ ಬರದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆನೋ ಏನೋ.

ಪಂಪಣ್ಣ ಹಲಗೆಯ ಮುಂದೆ ಕೂತ. ಮೊದಲ ಸುತ್ತಿನ ಹತ್ತು ದೀಪದಲ್ಲಿ ನಾಲ್ಕು ತಪ್ಪಿದ. ಎರಡು ಸಲ ತಡ, ಎರಡು ಸಲ ಕೆಂಪಿಗೆ ಎಕ್ಸಲರೇಟರ್.

"ಕೆಂಪು ದೀಪ ಮಂಕ ಐತಿ ಲೇ. ಇನ್ನೊಮ್ಮೆ ಹಾಕು."

ಇನ್ನೊಮ್ಮೆ ಹಾಕಿದೆ. ಮೂರು ತಪ್ಪು. ಅವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. "ರಾತ್ರಿ ನಿದ್ದಿ ಆಗಿಲ್ಲ. ಇನ್ನೊಮ್ಮೆ," ಅಂದ. ಮೂರನೇ ಸುತ್ತಿನಲ್ಲಿ ಒಂದೇ ತಪ್ಪು. ನಾಲ್ಕನೇ ಸುತ್ತಿನಲ್ಲಿ ಹತ್ತಕ್ಕೆ ಹತ್ತು.

ದೀಪ ಹಾಕುವ ಕ್ರಮ ಬರೆದ ಹಾಳೆ ನನ್ನ ಮುಂದೆ ಒಂದೇ ಇತ್ತು. ನಾಲ್ಕೂ ಸುತ್ತು ಅದೇ ಹಾಳೆ ನೋಡಿ ಹಾಕಿದ್ದೆ. ಎರಡು ಕೆಂಪು, ಒಂದು ಹಸಿರು, ಒಂದು ಕೆಂಪು, ಹೀಗೆ. ನಾಲ್ಕನೇ ಸುತ್ತಿನಲ್ಲಿ ಏಳನೇ ದೀಪಕ್ಕೆ ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು ಸುಮ್ಮನೆ ತಡೆದೆ. ದೀಪ ಹತ್ತುವ ಮೊದಲೇ ಅವನ ಕಾಲು ಎದ್ದು ಬ್ರೇಕಿನ ಮೇಲೆ ಕೂತಿತು. ನೆನಪಿನ ಶಕ್ತಿ ಗಟ್ಟಿ ಇದ್ದ ಮನುಷ್ಯ. ಸಾಲು ಬಾಯಿಪಾಠವಾಗಿತ್ತು. ಇಬ್ಬರೂ ಆ ಕಾಲನ್ನು ನೋಡಿದೆವು. ನಾನು ಮೊದಲ ಮೂರು ಸುತ್ತಿನ ಅಂಕ ಬರೆದಿದ್ದ ಹಾಳೆ ಹರಿದು ಬುಟ್ಟಿಗೆ ಹಾಕಿ, ರಿಜಿಸ್ಟರಿನಲ್ಲಿ 'ಸಮರ್ಥ' ಎಂದು ಬರೆದೆ.

ಅಸಮರ್ಥ ಎಂದು ಬರೆದಿದ್ದರೆ ಅವನನ್ನು ಗೇಟಿನಲ್ಲಿ ಕೂರಿಸುತ್ತಿದ್ದರು, ಅಷ್ಟೆ. ಹೋಗುವ ಬರುವ ಲಾರಿಗಳಿಗೆ ದಾರಿಗೆ ಅಡ್ಡ ಇಟ್ಟ ಕಂಬ ಎತ್ತುವ ಕೆಲಸ. ಏಳನೇ ನಂಬರಿನ ಪಂಪಾಪತಿ ಕಂಬ ಎತ್ತುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಅದಾದ ಎರಡು ತಿಂಗಳಿಗೆ ಗಣಿಯಲ್ಲಿ ಮಣ್ಣು ಸುರಿಯುವ ಜಾಗ ಬದಲಾಯಿತು. ಹಳೇ ಜಾಗದಲ್ಲಿ ಗಾಡಿ ಹಿಂದಕ್ಕೆ ಬರುವಾಗ ಸ್ಪಾಟರ್ ಎಡಗಡೆ ನಿಲ್ಲುತ್ತಿದ್ದ. ಅಂಚು ಬಂತು ನಿಲ್ಲಿಸು ಎಂದು ಸೀಟಿ ಊದಿ, ಕೆಂಪು ಬಾವುಟ ತೋರಿಸುವವನೇ ಸ್ಪಾಟರ್. ಆಪರೇಟರ್ ಸೀಟು ಎಡಗಡೆ ಇರುವುದರಿಂದ ಅವನು ಎಡ ಕನ್ನಡಿಯಲ್ಲಿ ನೇರ ಕಾಣುತ್ತಿದ್ದ. ಹೊಸ ಜಾಗದಲ್ಲಿ ಎಡಗಡೆ ನೆಲ ಸಡಿಲ. ಬಲಗಡೆ ನಿಲ್ಲಬೇಕು, ಅಲ್ಲೂ ಜಾಗ ಇಕ್ಕಟ್ಟು.

ಒಂದು ದಿನ ಮಧ್ಯಾಹ್ನ ಬಲಗಡೆ ನಿಂತಿದ್ದವನು ಕಂಪ್ಲಿಯ ಮಾರೆಣ್ಣ. ನಲವತ್ತರ ಹತ್ತಿರದವನು, ನನ್ನ ಕೈಯಲ್ಲೇ ಕಲಿತ ಸ್ಪಾಟರ್. ಏಳನೇ ನಂಬರ್ ಹಿಂದಕ್ಕೆ ಬಂತು. ಮಾರೆಣ್ಣ ಸೀಟಿ ಊದಿದ. ಅದೇ ಹೊತ್ತಿಗೆ ಕ್ಯಾಬಿನ್ನಿನ ವಾಕಿಟಾಕಿಯಲ್ಲಿ ಯಾರೋ ಏಳನೇ ನಂಬರನ್ನು ಕೂಗಿ ಏನೋ ಕೇಳಿದರು. ಪಂಪಣ್ಣ ಎಡ ಕನ್ನಡಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮಾರೆಣ್ಣ ಮತ್ತೆ ಎರಡು ಸಲ ಊದಿದ. ಪಂಪಣ್ಣನ ಕಾಲು ಎದ್ದಿತು, ತಪ್ಪು ಪೆಡಲ್ ಮೇಲೆ ಇಳಿಯಿತು, ಮತ್ತೆ ಎದ್ದು ಬ್ರೇಕಿಗೆ ಬಂತು. ಗಾಡಿ ನಿಂತಿತು. ನಿಲ್ಲುವಷ್ಟರಲ್ಲಿ ಮಾರೆಣ್ಣ ಹಿಂದಿನ ಚಕ್ರದ ಕೆಳಗಿದ್ದ.

ನಾನು ಅಲ್ಲಿಗೆ ಓಡಿ ಹೋದಾಗ ಪಂಪಣ್ಣ ಇನ್ನೂ ಕ್ಯಾಬಿನ್ನಿನಲ್ಲೇ ಕೂತಿದ್ದ. ಬ್ರೇಕಿನ ಮೇಲಿಂದ ಕಾಲು ತೆಗೆದಿರಲಿಲ್ಲ. "ಇಳೀ ಪಂಪಣ್ಣ," ಅಂದೆ. ಕೇಳಿಸಲಿಲ್ಲ. ನಾನೇ ಏಣಿ ಹತ್ತಿ, ಬಗ್ಗಿ, ಅವನ ಪಾದವನ್ನು ಕೈಯಿಂದ ಎತ್ತಿ ತೆಗೆದೆ.

ಗಣಿಯವರೇ ನಡೆಸಿದ ವಿಚಾರಣೆಯಲ್ಲಿ ಬ್ರೇಕ್ ಸರಿ ಇತ್ತು ಎಂದು ಬಂತು. ಆಪರೇಟರ್ ಪರೀಕ್ಷೆಯ ರಿಜಿಸ್ಟರ್ ತರಿಸಿದರು. ಅದರಲ್ಲಿ ನನ್ನ ಅಕ್ಷರದಲ್ಲಿ, ಹತ್ತಕ್ಕೆ ಹತ್ತು, ಸಮರ್ಥ. ಮಾರೆಣ್ಣ ನಿಲ್ಲಬೇಕಾದ ಜಾಗಕ್ಕಿಂತ ಎರಡು ಹೆಜ್ಜೆ ಒಳಗೆ ನಿಂತಿದ್ದ ಎಂದು ಅಳತೆ ಮಾಡಿ ಬರೆದರು. ಅದು ಸುಳ್ಳಲ್ಲ. ಜಾಗ ಅಷ್ಟೇ ಇತ್ತು. ಹತ್ತಿರವಿದ್ದ ಡೋಜರಿನವನು ಸೀಟಿ ಮೂರು ಸಲ ಕೇಳಿದೆ ಎಂದು ಹೇಳಿದ್ದನ್ನು ಬರೆದುಕೊಳ್ಳಲಿಲ್ಲ. 'ಸ್ಪಾಟರ್‌ನ ಅಜಾಗರೂಕತೆ' ಎಂದು ವರದಿ ಮುಗಿಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ತಿಂಗಳು ಸ್ಪಾಟರ್‌ಗಳ ತರಗತಿ ಇತ್ತು. ಹೇಗೆ ನಿಲ್ಲಬಾರದು ಅನ್ನುವುದಕ್ಕೆ ಮಾರೆಣ್ಣನ ಅಪಘಾತವನ್ನೇ ಉದಾಹರಣೆಯಾಗಿ ಹೇಳಬೇಕೆಂದು ಮ್ಯಾನೇಜರ್ ಕಾಗದ ಕಳಿಸಿದ್ದರು. ಮೂವತ್ತು ಜನ ಕೂತಿದ್ದರು. ನಾನು ಓದತೊಡಗಿದೆ. 'ಮೃತನು ತನ್ನ ಅಜಾಗರೂಕತೆಯಿಂದ' ಅನ್ನುವಲ್ಲಿಗೆ ಬಂದಾಗ ಕುರೆಕುಪ್ಪದ ಸ್ಪಾಟರ್ ಒಬ್ಬ ಎದ್ದು ನಿಂತ.

"ಸರ್, ಮಾರೆಣ್ಣಗ ಕಲಿಸಿದಾರು ನೀವ ಅಲ್ಲೇನ್ರಿ?"

"ಹೌದು."

"ಅವ ಎಂಥಾ ಸ್ಪಾಟರ್ ಇದ್ದ ಅಂತ ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ನಾನು ಕಲಿಸಿದವರಲ್ಲಿ ಅವನಷ್ಟು ಹುಷಾರಿನವನು ಮತ್ತೊಬ್ಬನಿರಲಿಲ್ಲ. ಕಾಗದ ಮೇಜಿನ ಮೇಲಿಟ್ಟು ತರಗತಿ ಬಿಟ್ಟೆ. ಮಾರನೇ ದಿನ ಬಳ್ಳಾರಿಗೆ ಹೋಗಿ ಗಣಿ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯ ಮುಂದೆ ಎಲ್ಲವನ್ನೂ ಬರೆದುಕೊಟ್ಟೆ. ನಾಲ್ಕು ಸುತ್ತು, ಒಂದೇ ಹಾಳೆ, ಹರಿದು ಹಾಕಿದ್ದು, ಫೋನು, ಎಲ್ಲ. ಅವರು ಡೋಜರಿನವನನ್ನು ಕರೆಸಿ ಕೇಳಿದರು. ಎರಡು ತಿಂಗಳಿಗೆ, ಮಾರೆಣ್ಣನದು ತಪ್ಪಿಲ್ಲ ಎಂದು ವರದಿ ತಿದ್ದಿ ಬಂತು.

ಮ್ಯಾನೇಜರ್ ನನ್ನನ್ನು ಕರೆದು, "ನೀನು ಸಾಚಾ ಆಗೋಕೆ ಹೋಗಿ ಎಷ್ಟು ಜನರನ್ನ ಮುಳುಗಿಸಿದೆ ಗೊತ್ತಾ?" ಎಂದರು. ನನ್ನನ್ನು ಸ್ಟೋರಿಗೆ ಹಾಕಿದರು. ಒಂದೂವರೆ ವರ್ಷ ನಟ್ಟು ಬೋಲ್ಟು ಎಣಿಸಿದೆ. ಆ ಮ್ಯಾನೇಜರ್ ವರ್ಗವಾಗಿ ಹೋದ ಮೇಲೆ ಬಂದವರು ನನ್ನನ್ನು ವಾಪಸ್ ಕರೆದರು. ಆಗ ಮೂರು ಪದ್ಧತಿ ಜಾರಿಗೆ ತಂದೆ. ದೀಪದ ಕ್ರಮವನ್ನು ಪ್ರತಿ ಸುತ್ತಿಗೂ ಚೀಟಿ ಎತ್ತಿ ಬದಲಿಸುವುದು. ತಪ್ಪಿದ ಸುತ್ತನ್ನೂ ರಿಜಿಸ್ಟರಿನಲ್ಲಿ ಬರೆಯುವುದು. ದಾರಿ ಬದಲಾದಾಗ ಐವತ್ತು ದಾಟಿದ ಆಪರೇಟರ್‌ಗಳನ್ನು ಮೂರು ದಿನ ಖಾಲಿ ಗಾಡಿಯಲ್ಲಿ ಓಡಿಸಿ ರೂಢಿ ಮಾಡಿಸುವುದು. ಈಗ ಹಲಗೆ ಹೋಗಿ ಕಂಪ್ಯೂಟರ್ ಕ್ಯಾಬಿನ್ ಬಂದಿದೆ. ಅದು ಒಂದೇ ಸಾಲನ್ನು ಎರಡು ಸಲ ತೋರಿಸುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಒಳ್ಳೆಯದೇ. ಆದರೆ ಕೊನೆಗೆ ಸಹಿ ಹಾಕುವ ಕೈ ಈಗಲೂ ಮನುಷ್ಯನದೇ.

ಪಂಪಣ್ಣನಿಗೆ ಕೆಲಸ ಬಿಡಿಸಿದರು. ಅವನು ಸಂಡೂರಿನ ಮನೆ ಸೇರಿದ. ಎರಡು ಸಲ ನೋಡಲು ಹೋದಾಗ ಬಾಗಿಲಿಗೇ ಬರಲಿಲ್ಲ. ಮೂರನೇ ಸಲ ಅವನ ಹೆಂಡತಿ, "ಒಳಗ ಬಾರಪ್ಪ, ಬೈದ್ರ ಬೈಲಿ," ಎಂದು ಕರೆದಳು. ಅವನು ಎರಡೂ ಕೈಯಲ್ಲಿ ಲೋಟ ಹಿಡಿದು ನೀರು ಕುಡಿಯುತ್ತಿದ್ದ. ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಮಾತಾಡಿದ.

"ಯಾಕ ಬರದುಕೊಟ್ಟಿ ಲೇ?"

"ಮಾರೆಣ್ಣನ ಮ್ಯಾಲ ಹಾಕಿದ್ರಲ್ಲ ಪಂಪಣ್ಣ."

"ಅದಿರಲಿ. ಆವಾಗ ಯಾಕ ಬರಿಲಿಲ್ಲ? ನಾ ಕುಂತಿದ್ನಲ್ಲ ನಿನ್ನ ಮುಂದ. ನನ್ನ ಕಾಲು ನನ್ನ ಮಾತು ಕೇಳಂಗಿಲ್ಲ ಅಂತ ನನಗ ಗೊತ್ತಿತ್ತು. ನಾನಾಗೇ ಹ್ಯಾಂಗ ಹೇಳಲಿ? ನೀ ಹೇಳತಿ ಅಂತ ಕುಂತಿದ್ದೆ."

"ನೀ ಇನ್ನೊಮ್ಮೆ ಇನ್ನೊಮ್ಮೆ ಅಂದ್ಯಲ್ಲ ಪಂಪಣ್ಣ."

"ಅಂತೀನಿ. ಯಾರಾದ್ರೂ ಅಂತಾರ. ನೀ ಬ್ಯಾಡ ಅನಬೇಕಿತ್ತು."

ಆಮೇಲೆ ಅವನು ಗೋಡೆ ಕಡೆ ತಿರುಗಿ ಕೂತ. ಎದ್ದು ಬಂದೆ. ಮೂರು ವರ್ಷಕ್ಕೆ ತೀರಿಕೊಂಡ. ಆ ಮೂರು ವರ್ಷದಲ್ಲಿ ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕು. ನಿಮ್ಮ ಮುಂದೆ ಕೂತ ಹಿರಿಯ ಇನ್ನೊಂದು ಅವಕಾಶ ಕೇಳುತ್ತಾನೆ. ಕಣ್ಣಲ್ಲಿ ನೀರು ತರುತ್ತಾನೆ, ಇಲ್ಲವೆ ರೇಗುತ್ತಾನೆ. ಒಳಗೊಳಗೆ ಅವನಿಗೂ ಗೊತ್ತಿರುತ್ತದೆ. ತನ್ನ ಬಾಯಿಂದ ಹೇಳಲಾಗದ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಬಂದು ಕೂತಿರುತ್ತಾನೆ. ಅದನ್ನು ಹೇಳುವುದಕ್ಕೇ ನಿಮಗೆ ಆ ಕುರ್ಚಿ ಕೊಟ್ಟಿರುವುದು.

ಕಂಪ್ಲಿಗೆ ಹೋದದ್ದನ್ನು ಇಷ್ಟು ಹೊತ್ತು ಬರೆಯದೆ ಮುಂದಕ್ಕೆ ಹಾಕುತ್ತಾ ಬಂದೆ. ವರದಿ ತಿದ್ದಿ ಬಂದ ವಾರ ಮಾರೆಣ್ಣನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಗಂಗಮ್ಮ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಳು. ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು. ತಲೆಯ ಮೇಲೆ ಇನ್ನೂ ತೌಡಿನ ಧೂಳಿತ್ತು. ನಾನು ಯಾರು ಎಂದು ಹೇಳಿದೆ. ಏನು ಮಾಡಿದೆ ಎಂದೂ ಹೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಸೀಟಿ ಊದಿದ್ನಾ ಅವ?" ಎಂದು ಕೇಳಿದಳು.

"ಊದಿದ ತಂಗಿ. ಮೂರು ಸಲ."

"ಕುಡದಿದ್ದ ಅಂದ್ರು ಓಣ್ಯಾಗ. ಫೋನ್ ನೋಡ್ತಿದ್ದ ಅಂದ್ರು. ನನ್ನ ಮಾವ ಅದನ್ನ ನಂಬ್ಯಾನ. ಮಗನ ಹೆಸರು ಹಿಡದು ಕರಿಯಂಗಿಲ್ಲ ಈಗ."

"ವರದಿ ತಿದ್ದ್ಯಾರ. ಅದರ ಕಾಗದ ತಂದೀನಿ."

"ಕಾಗದ ಯಾರು ಓದ್ತಾರಣ್ಣ ಇಲ್ಲೆ? ನನಗೊಬ್ಬಾಕಿಗೆ ಹೇಳಿ ಹೋದ್ರ ಆಗಂಗಿಲ್ಲ. ಓಣ್ಯಾಗ ಹೇಳ್ರಿ. ನಮ್ಮ ಮಾವಗ ಹೇಳ್ರಿ."

ಅವಳು ಮುಂದೆ, ನಾನು ಹಿಂದೆ. ಅಕ್ಕಪಕ್ಕದ ಮನೆಯವರನ್ನೆಲ್ಲ ಅವಳೇ ಕೂಗಿ ಕರೆದಳು. ಕಟ್ಟೆಯ ಮೇಲೆ ಮಾರೆಣ್ಣನ ಅಪ್ಪ ಕೂತಿದ್ದ. ಎಂಬತ್ತರ ಹತ್ತಿರದ ಮುದುಕ, ಕಿವಿ ಮಂದ. ಜನ ಸುತ್ತ ನಿಂತರು. ನಾನು ಬಗ್ಗಿ, ಅವನ ಕಿವಿಯ ಹತ್ತಿರ, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ.

"ನಿಮ್ಮ ಮಗಂದು ತಪ್ಪಿಲ್ಲ. ಅವ ಸೀಟಿ ಊದಿದ. ಗಾಡಿ ನಡೆಸಾವಂಗ ನಡೆಸಾಕ ಆಗ್ತಿರಲಿಲ್ಲ. ಅದು ನನಗ ಗೊತ್ತಿತ್ತು. ಗೊತ್ತಿದ್ದೂ ನಾನು ಸಹಿ ಹಾಕೀನಿ."

ಮುದುಕ ನನ್ನ ಮುಖವನ್ನೇ ನೋಡುತ್ತಿದ್ದ. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೆ ಹೇಳಲೇ ಎಂದು ಗಂಗಮ್ಮನ ಕಡೆ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. ತಡಿ, ಮುಟ್ಟುತ್ತದೆ ಅನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಮುದುಕನ ಬಲಗೈ ಮೊಣಕಾಲಿನ ಮೇಲಿಂದ ಎದ್ದಿತು. ಮೇಲಕ್ಕೆ ಬಂತು, ಒಂದು ಕ್ಷಣ ಗಾಳಿಯಲ್ಲಿ ನಿಂತಿತು, ಆಮೇಲೆ ನನ್ನ ಕೆನ್ನೆಯ ಕಡೆ ಹೊರಟಿತು. ಬಹಳ ನಿಧಾನವಾಗಿ ಬಂತು ಆ ಕೈ. ಪಕ್ಕಕ್ಕೆ ಸರಿಯುವುದಕ್ಕೆ ನನಗೆ ಬೇಕಾದಷ್ಟು ಹೊತ್ತಿತ್ತು. ನಾನು ಸರಿಯಲಿಲ್ಲ.